ಬಿಮೋಟಾ ಟೇಸಿ: ಮುಂದೆ ಫೋರ್ಕ್ ಇಲ್ಲದ ಇಟಲಿಯ ಬೈಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟೇಸಿಯ ಫೋಟೋದಲ್ಲಿ ಮುಂದಿನ ಚಕ್ರ ಹಿಡಿಯೋ ಜೋಡಿ ಕೊಳವೆ, ಅಂದರೆ ಫೋರ್ಕೇ ಕಾಣಿಸ್ತಿಲ್ಲ. ಇದು ನಿಜವಾಗಿ ಓಡೋ ಬೈಕಾ?

ಓಡುತ್ತದೆ, ಜೋರಾಗಿಯೇ ಓಡುತ್ತದೆ. ಇಟಲಿಯ ರಿಮಿನಿ ಊರಿನ ಬಿಮೋಟಾ ಕಂಪನಿ 1990ರ ದಶಕದ ಆರಂಭದಲ್ಲಿ ಮಾರಾಟಕ್ಕೆ ಬಿಟ್ಟ ಟೇಸಿ 1ಡಿ ಅದು. ಪ್ರದರ್ಶನಕ್ಕೆ ಮಾಡಿದ ಮಾದರಿಯಲ್ಲ, ನಂಬರ್ ಪ್ಲೇಟ್ ಹಾಕಿಸಿಕೊಂಡು ರಸ್ತೆಗಿಳಿದ ಬೈಕು. ಹಿಂದಿನ ಚಕ್ರಕ್ಕೆ ಇರುವಂಥ ಸ್ವಿಂಗ್ ಆರ್ಮ್, ಅಂದರೆ ಮೇಲೆ ಕೆಳಗೆ ಆಡುವ ತೋಳು, ಇದರ ಮುಂದಿನ ಚಕ್ರಕ್ಕೂ ಇದೆ. ಹ್ಯಾಂಡಲ್ ತಿರುಗಿಸಿದರೆ ಆ ಆರ್ಮ್ ಅಲ್ಲಾಡುವುದಿಲ್ಲ. ಅದರ ನಡುವೆ ಚಕ್ರ ಮಾತ್ರ ತಿರುಗುತ್ತದೆ. ಮೊದಲ ಸಲ ನೋಡಿದವರು ಬಗ್ಗಿ ಬಗ್ಗಿ ನೋಡುವುದು ಇದಕ್ಕೇ.

ಬಿಮೋಟಾ ಅಂದರೆ ಯಾರು? ಡುಕಾಟಿಯ ಅಂಗಸಂಸ್ಥೆಯಾ?

ಅಲ್ಲ. 1966ರಲ್ಲಿ ವಲೇರಿಯೋ ಬಿಯಾಂಕಿ, ಜುಸೆಪ್ಪೆ ಮೊರ್ರಿ, ಮಾಸ್ಸಿಮೋ ತಂಬುರಿನಿ ಎಂಬ ಮೂವರು ಸೇರಿ ಶುರು ಮಾಡಿದ ಕಂಪನಿ. ಮೂವರ ಹೆಸರಿನ ಮೊದಲ ಅಕ್ಷರಗಳನ್ನು ಜೋಡಿಸಿ ಬಿಮೋಟಾ ಎಂದಿಟ್ಟರು. ಆಗ ಅವರ ಕಸುಬು ಬೈಕಲ್ಲ. ಕಟ್ಟಡಗಳಿಗೆ ಬಿಸಿಗಾಳಿ, ತಂಪುಗಾಳಿಯ ಕೊಳವೆ ಹಾಕಿಸುವುದು.

ತಂಬುರಿನಿಗೆ ಬೈಕಿನ ಹುಚ್ಚು. 1972ರಲ್ಲಿ ಊರಿನ ಹತ್ತಿರದ ಮಿಸಾನೋ ಟ್ರ್ಯಾಕಿನಲ್ಲಿ ತನ್ನ ಹೋಂಡಾ ಸಿಬಿ750 ಬೀಳಿಸಿ ಪಕ್ಕೆಲುಬು ಮುರಿದುಕೊಂಡ. ಆ ಹೋಂಡಾ ಇಂಜಿನ್ ಅದ್ಭುತವಾಗಿತ್ತು, ಚಾಸಿ ಮಾತ್ರ ಆ ಇಂಜಿನ್ನಿಗೆ ತಕ್ಕದ್ದಲ್ಲ ಎನ್ನುವುದು ಆಗ ಹಲವರ ದೂರು. ತಂಬುರಿನಿ ತಾನೇ ಒಂದು ಚಾಸಿ ಬೆಸೆದ. ಅದೇ ಎಚ್‌ಬಿ1. ಮಾಡಿದ್ದು 10 ಮಾತ್ರ. 1973ರಿಂದ ಬೈಕೇ ಅವರ ಕಸುಬಾಯಿತು. ಲೋಹದ ಕೊಳವೆ ಬಗ್ಗಿಸಿ ಜೋಡಿಸುವ ಕೈ ಮೊದಲೇ ಪಳಗಿತ್ತಲ್ಲ, ಅದು ಇಲ್ಲೂ ಉಪಯೋಗಕ್ಕೆ ಬಂದಿರಬೇಕು.

ಎಚ್‌ಬಿ, ಎಸ್‌ಬಿ, ಡಿಬಿ ಅಂತೆಲ್ಲ ಹೆಸರು ಯಾಕೆ?

ಮೊದಲ ಅಕ್ಷರ ಇಂಜಿನ್ ಯಾರದ್ದು ಅನ್ನುತ್ತದೆ, ಎರಡನೆಯದು ಬಿಮೋಟಾ. ಎಚ್ ಅಂದರೆ ಹೋಂಡಾ, ಎಸ್ ಸುಜುಕಿ, ಕೆ ಕವಾಸಾಕಿ, ವೈ ಯಮಹಾ, ಡಿ ಡುಕಾಟಿ. ಇಂಜಿನ್ ಬೇರೆಯವರಿಂದ ಕೊಂಡು, ಚಾಸಿ, ಸಸ್ಪೆನ್ಷನ್, ಮೈ ಎಲ್ಲವನ್ನೂ ತಾವು ಮಾಡುವುದು ಬಿಮೋಟಾ ದಾರಿ. ಟೇಸಿಗೆ ಮಾತ್ರ ಈ ಲೆಕ್ಕ ಬಿಟ್ಟು ಬೇರೆ ಹೆಸರಿಟ್ಟರು.

ಕಾಲೇಜು ಹುಡುಗನ ಪ್ರಾಜೆಕ್ಟ್ ವರ್ಕ್ ಅಂತ ಹೇಳ್ತಾರೆ. ನಿಜಾನಾ?

ನಿಜ. ಪಿಯೆರ್‌ಲುಯಿಜಿ ಮಾರ್ಕೋನಿ ಬೊಲೋನಿಯಾ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುವಾಗ ಪದವಿಗೆ ಆರಿಸಿಕೊಂಡ ಪ್ರಬಂಧದ ವಿಷಯ ಇದು. ಟೇಸಿ ಅಂದರೆ ಇಟಲಿ ಭಾಷೆಯಲ್ಲಿ ಪ್ರಬಂಧವೇ. 1980ರ ದಶಕದ ಆರಂಭದಲ್ಲಿ ಬಿಮೋಟಾ ಅವನಿಗೆ ಜಾಗ ಕೊಟ್ಟಿತು. ಮೊದಲ ಮಾದರಿಯಲ್ಲಿ ಹೋಂಡಾದ 400 ಸಿಸಿ ವಿ4 (ವಿ ಆಕಾರದಲ್ಲಿ ನಾಲ್ಕು ಸಿಲಿಂಡರ್) ಇಂಜಿನ್ ಇತ್ತು. ಸ್ಟೀರಿಂಗ್‌ಗೆ ರಾಡುಗಳೇ ಇಲ್ಲ, ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ ವ್ಯವಸ್ಥೆ! ಹ್ಯಾಂಡಲ್ಲಿಗೂ ಚಕ್ರಕ್ಕೂ ನಡುವೆ ಗಟ್ಟಿ ಲೋಹದ ಸಂಬಂಧವೇ ಇಲ್ಲದ ಬೈಕು ಓಡಿಸಲು ಎಷ್ಟು ಜನ ಒಪ್ಪುತ್ತಾರೆ, ನೀವೇ ಹೇಳಿ. ಮುಂದೆ ಆ ಯೋಚನೆ ಬಿಟ್ಟು ರಾಡುಗಳಿಗೆ ಬಂದರು. ಮಾರ್ಕೋನಿ ಕಂಪನಿಯ ಮುಖ್ಯ ವಿನ್ಯಾಸಕನಾದ ಮೇಲೆ ಟೇಸಿ 1ಡಿ ಹೊರಬಂತು. ಓದುವಾಗಿನ ಕಲ್ಪನೆ ಅಂಗಡಿಗೆ ಬರಲು ಹೆಚ್ಚುಕಮ್ಮಿ ಹತ್ತು ವರ್ಷ ಹಿಡಿಯಿತು.

ಎಲ್ಲ ಬೈಕಿಗೂ ಇರೋ ಫೋರ್ಕಿನಲ್ಲಿ ಅಂಥ ತೊಂದರೆ ಏನಿದೆ?

ಫೋರ್ಕಿಗೆ ಜವಾಬ್ದಾರಿ ಜಾಸ್ತಿ. ಚಕ್ರ ಹಿಡಿಯಬೇಕು, ತಿರುಗಿಸಬೇಕು, ಗುಂಡಿ ಬಂದಾಗ ಕುಗ್ಗಬೇಕು, ಬ್ರೇಕ್ ಒತ್ತಿದಾಗ ಆ ಬಲವನ್ನೂ ತಡೆಯಬೇಕು. ಎಲ್ಲವನ್ನೂ ಒಂದೇ ಜೋಡಿ ಕೊಳವೆ ಮಾಡಬೇಕು, ಅದೂ ಏಕಕಾಲಕ್ಕೆ.

ಮುಂದಿನ ಬ್ರೇಕ್ ಜೋರಾಗಿ ಒತ್ತಿ ನೋಡಿ. ಬೈಕಿನ ಮೂತಿ ಕೆಳಗೆ ಕುಕ್ಕುತ್ತದೆ. ಫೋರ್ಕ್ ಅಲ್ಲೇ ಅರ್ಧಕ್ಕಿಂತ ಹೆಚ್ಚು ಕುಗ್ಗಿರುತ್ತದೆ. ಅದೇ ಹೊತ್ತಿಗೆ ಗುಂಡಿ ಸಿಕ್ಕರೆ ಕುಗ್ಗಲು ಉಳಿದಿರುವುದು ಸ್ವಲ್ಪವೇ. ಅದರ ಜೊತೆಗೆ ಬ್ರೇಕಿನ ಬಲ ಕೊಳವೆಗಳನ್ನು ಹಿಂದಕ್ಕೆ ಬಗ್ಗಿಸಲು ನೋಡುತ್ತದೆ. ಬಗ್ಗಿದ ಕೊಳವೆ ಇನ್ನೊಂದು ಕೊಳವೆಯೊಳಗೆ ನುಣುಪಾಗಿ ಜಾರುವುದಿಲ್ಲ, ಕಚ್ಚಿಕೊಳ್ಳುತ್ತದೆ. ಸಸ್ಪೆನ್ಷನ್ ಅತಿ ಹೆಚ್ಚು ಬೇಕಾದ ಕ್ಷಣದಲ್ಲೇ ಅದು ಅತಿ ಕಡಿಮೆ ಕೆಲಸ ಮಾಡುತ್ತದೆ.

ಇನ್ನೊಂದು ವಿಷಯ ಇದೆ. ಮೂತಿ ಕುಕ್ಕಿದಾಗ ಸ್ಟೀರಿಂಗಿನ ಓರೆ (ಚಕ್ರ ತಿರುಗುವ ಗೆರೆ ನೆಟ್ಟಗಿನಿಂದ ಎಷ್ಟು ವಾಲಿದೆ ಎನ್ನುವುದು) ಕಡಿಮೆಯಾಗುತ್ತದೆ, ಟ್ರೇಲ್ (ಆ ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರು ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ) ಕಡಿಮೆಯಾಗುತ್ತದೆ, ಎರಡು ಚಕ್ರಗಳ ನಡುವಿನ ಅಂತರವೂ ಕಡಿಮೆಯಾಗುತ್ತದೆ. ಬ್ರೇಕ್ ಒತ್ತಿದಾಗ ಇರುವ ಬೈಕೇ ಬೇರೆ, ಬಿಟ್ಟಾಗ ಇರುವ ಬೈಕೇ ಬೇರೆ. ಎಂಜಿನಿಯರ್‌ಗೆ ಇದು ಕಣ್ಣಿಗೆ ಬಿದ್ದ ಧೂಳಿನ ಹಾಗೆ. ತೆಗೆಯದೆ ನಿದ್ದೆ ಬರುವುದಿಲ್ಲ.

ಹಾಗಾದರೆ ಟೇಸಿಯಲ್ಲಿ ಚಕ್ರ ತಿರುಗೋದು ಹೇಗೆ? ಬಿಡಿಸಿ ಹೇಳಿ.

ಲಾರಿ ರಿಪೇರಿ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ, ಯಾಕೆಂದರೆ ಅವರಿಗೆ ಕಿಂಗ್ ಪಿನ್ ಗೊತ್ತು. ಲಾರಿಯ ಮುಂದಿನ ಆಕ್ಸಲ್ ಸ್ಟೀರಿಂಗ್ ಜೊತೆ ತಿರುಗುವುದಿಲ್ಲ. ಆಕ್ಸಲ್ಲಿನ ತುದಿಯಲ್ಲಿ ನೆಟ್ಟಗೆ ನಿಂತ ಒಂದು ಪಿನ್ ಇದೆ, ಅದರ ಸುತ್ತ ಚಕ್ರ ತಿರುಗುತ್ತದೆ. ಟೇಸಿಯಲ್ಲಿ ಆ ಪಿನ್ನನ್ನು ತಂದು ಚಕ್ರದ ಹೊಟ್ಟೆಯೊಳಗೇ ಇಟ್ಟಿದ್ದಾರೆ. ಇದಕ್ಕೆ ಹಬ್ ಸೆಂಟರ್ ಸ್ಟೀರಿಂಗ್ ಎನ್ನುತ್ತಾರೆ.

ಹೊರಗಿನಿಂದ ಒಳಕ್ಕೆ ಹೋಗೋಣ. ಮೊದಲು ಟೈರು, ರಿಮ್ಮು. ಅದರ ಒಳಗೆ ತುಂಬಾ ದೊಡ್ಡ ಬಾಯಿಯ ಬೇರಿಂಗ್. ಮಾಮೂಲಿ ಬೈಕಿನಲ್ಲಿ ಬೇರಿಂಗ್ ಒಳಗೆ ಬೆರಳು ದಪ್ಪದ ಆಕ್ಸಲ್ ಹೋಗುತ್ತದೆ. ಇಲ್ಲಿ ಅದರೊಳಗೆ ಟೊಳ್ಳಾದ ಒಂದು ಹಬ್ ಕೂರುತ್ತದೆ. ಚಕ್ರ ಈ ಹಬ್ಬಿನ ಸುತ್ತ ಉರುಳುತ್ತದೆ, ಹಬ್ ಉರುಳುವುದಿಲ್ಲ. ಹಬ್ಬಿನ ಒಳಗೆ ಅಡ್ಡಲಾಗಿ ಆಕ್ಸಲ್ ಹಾದುಹೋಗುತ್ತದೆ, ಅದರ ಎರಡು ತುದಿಗಳು ಸ್ವಿಂಗ್ ಆರ್ಮಿನ ಎರಡು ಕೈಗಳಲ್ಲಿ ಕೂತಿವೆ. ಆಕ್ಸಲ್ಲಿನ ನಟ್ಟನಡುವೆ ಕಿಂಗ್ ಪಿನ್. ಹಬ್ ಆ ಪಿನ್ನಿನ ಮೇಲೆ ಎಡಕ್ಕೂ ಬಲಕ್ಕೂ ಹೊರಳುತ್ತದೆ, ಅದರ ಜೊತೆ ಚಕ್ರವೂ ಹೊರಳುತ್ತದೆ.

ಹ್ಯಾಂಡಲ್ಲಿಂದ ಹಬ್ಬಿನವರೆಗೆ ರಾಡು ಮತ್ತು ಲಿಂಕುಗಳ ಒಂದು ಸರಣಿ ಇದೆ. ಹ್ಯಾಂಡಲ್ ತಿರುಗಿದರೆ ರಾಡು ಎಳೆಯುತ್ತದೆ ಅಥವಾ ತಳ್ಳುತ್ತದೆ, ಹಬ್ ಹೊರಳುತ್ತದೆ. ಗುಂಡಿ ಬಂದರೆ ಸ್ವಿಂಗ್ ಆರ್ಮ್ ಮೇಲೆ ಹೋಗಿ ಶಾಕ್ ಅಬ್ಸಾರ್ಬರನ್ನು ಒತ್ತುತ್ತದೆ. ಈ ಎರಡು ಕೆಲಸಗಳು ಒಂದನ್ನೊಂದು ಮುಟ್ಟುವುದಿಲ್ಲ. ಇಡೀ ಟೇಸಿಯ ಗುಟ್ಟು ಇಷ್ಟೇ.

ಇದರಿಂದ ಜ್ಯಾಮಿತಿಯೂ ಬದಲಾಗುತ್ತದೆ. ತಿರುಗುವ ಗೆರೆ ಚಕ್ರದ ನಡುಮಧ್ಯವನ್ನೇ ಹಾದುಹೋಗುವುದಾದರೆ ಟ್ರೇಲ್ ಎಷ್ಟು ಎನ್ನುವುದನ್ನು ಓರೆ ಒಂದೇ ತೀರ್ಮಾನಿಸುತ್ತದೆ. ಚಕ್ರದ ಅರ್ಧವ್ಯಾಸ 30 ಸೆಂ.ಮೀ. ಎಂದಿಟ್ಟುಕೊಳ್ಳಿ. 10 ಸೆಂ.ಮೀ. ಟ್ರೇಲ್ ಬೇಕಾದರೆ ಓರೆ ಸುಮಾರು 18 ಡಿಗ್ರಿ ಸಾಕು. ಮಾಮೂಲಿ ಸ್ಪೋರ್ಟ್ಸ್ ಬೈಕಿನಲ್ಲಿ 24 ಡಿಗ್ರಿ ಆಸುಪಾಸು ಇರುತ್ತದೆ.

ಬ್ರೇಕ್ ಹಾಕಿದಾಗ ಮೂತಿ ಕುಕ್ಕೋದೇ ಇಲ್ವಾ?

ತೀರಾ ಕಡಿಮೆ. ಬ್ರೇಕಿನ ಇಕ್ಕಳದಂಥ ಭಾಗ, ಅಂದರೆ ಕ್ಯಾಲಿಪರ್, ಚಕ್ರದ ಡಿಸ್ಕನ್ನು ಹಿಡಿದಾಗ, ಹಿಡಿದ ರಭಸಕ್ಕೆ ತಾನೂ ಚಕ್ರದ ಜೊತೆ ಸುತ್ತಲು ನೋಡುತ್ತದೆ. ಟೇಸಿಯಲ್ಲಿ ಅದನ್ನು ತಡೆಯಲು ಬೇರೆಯೇ ರಾಡುಗಳಿವೆ. ಅವು ಸ್ವಿಂಗ್ ಆರ್ಮಿಗೆ ಸಮಾನಾಂತರವಾಗಿ ಹೋಗಿ ಬ್ರೇಕಿನ ಬಲವನ್ನು ಚಾಸಿಗೆ ಮುಟ್ಟಿಸುತ್ತವೆ. ಶಾಕ್ ಅಬ್ಸಾರ್ಬರ್ ಮೇಲೆ ಆ ಹೊರೆ ಅಷ್ಟಾಗಿ ಬೀಳುವುದಿಲ್ಲ. ಹಾಗಾಗಿ ಬ್ರೇಕ್ ಒತ್ತಿಯೂ ಗುಂಡಿ ನುಂಗಲು ಸಸ್ಪೆನ್ಷನ್‌ಗೆ ಜಾಗ ಉಳಿದಿರುತ್ತದೆ. ಆರ್ಮ್ ಮತ್ತು ರಾಡು ಎರಡೂ ಸೇರಿ ಸಮಾನಾಂತರ ಚತುರ್ಭುಜದಂತೆ ಕೆಲಸ ಮಾಡುವುದರಿಂದ ಚಕ್ರ ಮೇಲೆ ಕೆಳಗೆ ಆಡಿದರೂ ಓರೆ ಹೆಚ್ಚು ಬದಲಾಗುವುದಿಲ್ಲ.

ಇದನ್ನು ಕಂಡುಹಿಡಿದದ್ದೇ ಬಿಮೋಟಾನಾ?

ಇಲ್ಲ. 1920ರ ದಶಕದ ಆರಂಭದಲ್ಲೇ ಅಮೆರಿಕದ ಕಾರ್ಲ್ ನೆರಾಕರ್ ವಿನ್ಯಾಸ ಮಾಡಿದ ನೆರಾಕಾರ್ ಬೈಕಿಗೆ ಹಬ್ ಸೆಂಟರ್ ಸ್ಟೀರಿಂಗ್ ಇತ್ತು. ಆಮೇಲೆ ಇಂಗ್ಲೆಂಡಿನ ಜ್ಯಾಕ್ ಡಿಫಾಜಿಯೋ ಇದನ್ನು ಬೆಳೆಸಿದ. 1970ರ ದಶಕದ ಕೊನೆಯಲ್ಲಿ ಫ್ರಾನ್ಸಿನ ತೈಲ ಕಂಪನಿ ಎಲ್ಫ್ ಹಣದಲ್ಲಿ ಆಂದ್ರೆ ದ ಕೊರ್ತಾಂಜ್ ಫೋರ್ಕ್ ಇಲ್ಲದ ರೇಸ್ ಬೈಕುಗಳನ್ನು ಮಾಡಿದ. ಎಲ್ಫ್ ಬೈಕುಗಳು 500 ಸಿಸಿ ಗ್ರ್ಯಾನ್ ಪ್ರಿಯಲ್ಲೂ ಓಡಿದವು. ಬಿಮೋಟಾ ಮಾಡಿದ್ದು ಏನೆಂದರೆ, ಅದನ್ನು ಗಿರಾಕಿ ಕೊಂಡು ರಸ್ತೆಯಲ್ಲಿ ಓಡಿಸಬಹುದಾದ ಸ್ಪೋರ್ಟ್ಸ್ ಬೈಕಾಗಿ ತಂದದ್ದು.

ನಮ್ಮ ಹಳೇ ವೆಸ್ಪಾ, ಬಜಾಜ್ ಸ್ಕೂಟರ್‌ಗಳ ಮುಂದೆಯೂ ಟೆಲಿಸ್ಕೋಪಿಕ್ ಫೋರ್ಕ್ ಇರಲಿಲ್ಲ, ಒಂದೇ ಬದಿಯ ಲಿಂಕ್ ಇತ್ತು. ಅದು ಇದೇ ಜಾತಿಯಾ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಸ್ಕೂಟರಿನಲ್ಲಿ ಹ್ಯಾಂಡಲ್ ತಿರುಗಿದರೆ ಕೊಳವೆ, ಲಿಂಕು, ಚಕ್ರ ಎಲ್ಲವೂ ಒಟ್ಟಿಗೆ ತಿರುಗುತ್ತವೆ.

ಇಂಜಿನ್ ಯಾವುದು? ಚಾಸಿ ಎಲ್ಲಿದೆ?

1ಡಿಯಲ್ಲಿ ಡುಕಾಟಿ 851ರ ಇಂಜಿನ್. 90 ಡಿಗ್ರಿ ವಿ-ಟ್ವಿನ್ (ವಿ ಆಕಾರದಲ್ಲಿ ಎರಡು ಸಿಲಿಂಡರ್), ನೀರಿನ ಕೂಲಿಂಗ್, ಒಂದೊಂದು ಸಿಲಿಂಡರಿಗೆ ನಾಲ್ಕು ವಾಲ್ವ್. ಡುಕಾಟಿಯ ಡೆಸ್ಮೋ ಪದ್ಧತಿ, ಅಂದರೆ ವಾಲ್ವ್ ತೆರೆಯುವುದಕ್ಕೂ ಮುಚ್ಚುವುದಕ್ಕೂ ಕ್ಯಾಮ್ ಶಾಫ್ಟೇ. ಬಿಮೋಟಾ ಅಷ್ಟಕ್ಕೇ ಸುಮ್ಮನಿರಲಿಲ್ಲ. ಸ್ಟ್ರೋಕನ್ನು (ಪಿಸ್ಟನ್ ಓಡುವ ದೂರವನ್ನು) 64ರಿಂದ 68 ಮಿ.ಮೀ.ಗೆ ಏರಿಸಿ 904 ಸಿಸಿ ಮಾಡಿ, 906 ಎಂಬ ಹೆಸರಲ್ಲಿ ಮಾರಿತು. ಲೆಕ್ಕ ತಾಳೆಯಾಗದ ಹೆಸರು, ಇರಲಿ ಬಿಡಿ.

ಚಾಸಿ ಹುಡುಕಿದರೆ ಸಿಗುವುದು ಇಂಜಿನ್ನಿನ ಎರಡು ಬದಿಗೆ ಅಲ್ಯೂಮಿನಿಯಂ ದಿಮ್ಮಿಯಿಂದ ಕೊರೆದು ತೆಗೆದ ಎರಡು ದಪ್ಪ ಹಲಗೆ. ಗ್ರೀಕ್ ಅಕ್ಷರ ಒಮೆಗಾ ಹೋಲುವ ಆಕಾರ. ಮುಂದಿನ ಆರ್ಮ್, ಹಿಂದಿನ ಆರ್ಮ್ ಎರಡೂ ಇವಕ್ಕೇ ಬಿಗಿದಿವೆ. ಸ್ಟೀರಿಂಗ್ ಹೆಡ್ (ಹ್ಯಾಂಡಲ್ ಕೂರುವ ಜಾಗ) ಮೇಲೆ ಚಕ್ರದ ಬಲ ಬೀಳುವುದೇ ಇಲ್ಲವಾದ್ದರಿಂದ, ಪೆಟ್ರೋಲ್ ಟ್ಯಾಂಕ್ ಕೆಳಗೆ ಉದ್ದಕ್ಕೂ ಹೋಗುವ ಭಾರದ ಫ್ರೇಮ್ ಬೇಡ. ಬಲಗಳೆಲ್ಲ ನೆಲಕ್ಕೆ ಹತ್ತಿರದಲ್ಲಿ, ಚಕ್ರದಿಂದ ಚಕ್ರಕ್ಕೆ ನೇರವಾಗಿ ಹಾದುಹೋಗುತ್ತವೆ. ನನ್ನ ಕಣ್ಣಿಗೆ ಟೇಸಿಯ ಅತಿ ಚೆಂದದ ಭಾಗ ಇದು, ಆ ಮುಂದಿನ ಚಕ್ರಕ್ಕಿಂತಲೂ.

ಓಡಿಸಿದವರು ಏನಂತಾರೆ?

ಎರಡು ಮಾತು ಹೇಳುತ್ತಾರೆ. ವೇಗದ, ಅಗಲ ತಿರುವಿನಲ್ಲಿ ಹಳಿ ಮೇಲೆ ಹೋದ ಹಾಗೆ ಹೋಗುತ್ತದೆ. ತಿರುವಿನ ಒಳಗಡೆವರೆಗೂ ಬ್ರೇಕ್ ಹಿಡಿದೇ ಹೋಗಬಹುದು. ಇದು ಹೊಗಳಿಕೆ.

ದೂರು ಏನೆಂದರೆ, ಮುಂದಿನ ಟೈರು ಏನು ಹೇಳುತ್ತಿದೆ ಎಂದು ಕೈಗೆ ಸರಿಯಾಗಿ ತಿಳಿಯುವುದಿಲ್ಲ. ಹ್ಯಾಂಡಲ್ಲಿಗೂ ಹಬ್ಬಿಗೂ ನಡುವೆ ಹಲವು ಬಾಲ್ ಜಾಯಿಂಟ್‌ಗಳಿವೆ. ಪ್ರತಿ ಜಾಯಿಂಟಿನಲ್ಲೂ ಕೂದಲೆಳೆಯಷ್ಟು ಪ್ಲೇ (ಸಡಿಲ) ಇದ್ದರೂ ಎಲ್ಲ ಕೂಡಿ ಹ್ಯಾಂಡಲ್ಲಿನ ಹತ್ತಿರ ಗೊತ್ತಾಗುವಷ್ಟಾಗುತ್ತದೆ. ಸವೆದ ಮೇಲಂತೂ ಇನ್ನೂ ಜಾಸ್ತಿ. ಹ್ಯಾಂಡಲ್ ತಿರುಗುವ ಮಿತಿಯೂ ಕಡಿಮೆ, ಯಾಕೆಂದರೆ ಚಕ್ರದ ಎರಡು ಪಕ್ಕದಲ್ಲೂ ಆರ್ಮ್ ಇದೆ. ಇಕ್ಕಟ್ಟಿನ ಜಾಗದಲ್ಲಿ ಯೂ ಟರ್ನ್ ಹೊಡೆಯಲು ಹೋದರೆ ಹಿಂದೆ ಮುಂದೆ ಮಾಡಬೇಕಾಗುತ್ತದೆ.

ಇನ್ನು ಮೂರನೆಯದೊಂದಿದೆ. ಅದು ಬೈಕಿನ ತಪ್ಪಲ್ಲ, ನಮ್ಮ ಅಭ್ಯಾಸ. ಸವಾರಿ ಕಲಿತ ದಿನದಿಂದ ಮೂತಿ ಎಷ್ಟು ಕುಕ್ಕಿತು ಎನ್ನುವುದರ ಮೇಲೇ ನಾವು ಬ್ರೇಕಿನ ಅಂದಾಜು ಮಾಡುತ್ತೇವೆ. ಫೋರ್ಕ್ ಕುಗ್ಗಿದಾಗ ಓರೆ ಕಡಿಮೆಯಾಗಿ ಬೈಕು ತಿರುವಿಗೆ ಬೇಗ ಬೀಳುತ್ತದೆ, ರೇಸ್ ಸವಾರರು ಅದನ್ನೇ ಉಪಯೋಗಿಸಿಕೊಳ್ಳುತ್ತಾರೆ. ಮಾರ್ಕೋನಿ ದೋಷವೆಂದು ತೆಗೆದುಹಾಕಿದ್ದು ಸವಾರರಿಗೆ ಸುದ್ದಿಯಾಗಿತ್ತು. ಟೇಸಿ ಲೆಕ್ಕದಲ್ಲಿ ಸೋತಿಲ್ಲ. ಸವಾರನಿಗೆ ಬೇಕಾದ ಒಂದು ಸಂಗತಿ ಆ ಲೆಕ್ಕದೊಳಗೆ ಇರಲೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇಷ್ಟು ಒಳ್ಳೇ ಯೋಚನೆ ಆದರೆ ದೊಡ್ಡ ಕಂಪನಿಗಳು ಯಾಕೆ ಮಾಡಲಿಲ್ಲ?

ಪ್ರಯತ್ನ ಮಾಡಿದವು. ಯಮಹಾ 1993ರಲ್ಲಿ ಜಿಟಿಎಸ್1000 ಎಂಬ ಬೈಕಿಗೆ ಮುಂದೆ ಒಂದೇ ಬದಿಯ ಆರ್ಮ್ ಕೊಟ್ಟಿತು, ಜನ ಕೊಳ್ಳಲಿಲ್ಲ. ಬಿಎಂಡಬ್ಲ್ಯೂ ಜಾಣತನ ಮಾಡಿತು. ಅದೇ ವರ್ಷ ಟೆಲಿಲೆವರ್ ತಂದಿತು. ನೋಡಲು ಫೋರ್ಕೇ, ಆದರೆ ಶಾಕ್ ಅಬ್ಸಾರ್ಬರ್ ಕೆಲಸ ಬೇರೆ ಕಡೆ. ಅದು ವರ್ಷಗಟ್ಟಲೆ ಚೆನ್ನಾಗಿ ಮಾರಾಟವಾಯಿತು. 2018ರ ಹೋಂಡಾ ಗೋಲ್ಡ್ ವಿಂಗ್‌ಗೂ ಮಾಮೂಲಿ ಫೋರ್ಕ್ ಇಲ್ಲ. ಅಂದರೆ ದೂರ ಪ್ರಯಾಣದ ಭಾರದ ಬೈಕುಗಳಲ್ಲಿ ಈ ಯೋಚನೆ ನಿಂತಿತು. ಸ್ಪೋರ್ಟ್ಸ್ ಬೈಕಿನಲ್ಲಿ ಫೋರ್ಕೇ ಗೆದ್ದಿತು. ಕೊಳವೆ ದಪ್ಪವಾಯಿತು, ತಲೆಕೆಳಗಾಯಿತು, ಒಳಗಿನ ಲೇಪನ ನುಣುಪಾಯಿತು. ಅಗ್ಗ, ಹಗುರ, ಸೆಟ್ಟಿಂಗ್ ಎಲ್ಲ ಮೆಕ್ಯಾನಿಕ್‌ಗೂ ಗೊತ್ತು.

ಬಿಮೋಟಾ ಮುಚ್ಚಿಹೋಯ್ತು ಅಂತ ಕೇಳಿದ್ದೆ. ಟೇಸಿಯಿಂದಾನಾ?

ಮುಚ್ಚಿತ್ತು, ಆದರೆ ಟೇಸಿಯಿಂದಲ್ಲ. ಅದಕ್ಕಿಂತ ಮೊದಲೇ 1980ರ ದಶಕದಲ್ಲಿ ಒಮ್ಮೆ ಕಷ್ಟಕ್ಕೆ ಸಿಕ್ಕಿತ್ತು. ಆಗ ಫೆದೆರಿಕೋ ಮಾರ್ತಿನಿ ವಿನ್ಯಾಸದ, ಡುಕಾಟಿ 750 ಇಂಜಿನ್ನಿನ ಡಿಬಿ1 ಬೈಕು 1985ರಲ್ಲಿ ಬಂದು ಎತ್ತಿ ನಿಲ್ಲಿಸಿತು. 1987ರಲ್ಲಿ ವೈಬಿ4 ಮೇಲೆ ವಿರ್ಜಿನಿಯೋ ಫೆರಾರಿ ಟಿಟಿ ಫಾರ್ಮುಲಾ 1 ಎಂಬ ಬೈಕ್ ರೇಸ್ ಸರಣಿಯ ವಿಶ್ವ ಚಾಂಪಿಯನ್ ಆದ.

ಮುಳುಗಿಸಿದ್ದು ವಿ-ಡುಯೆ ಎಂಬ ಬೈಕು. 1997ರಲ್ಲಿ ಬಿಮೋಟಾ ಮೊದಲ ಬಾರಿ ಸ್ವಂತ ಇಂಜಿನ್ ಮಾಡಿತು. 500 ಸಿಸಿ ಟೂ ಸ್ಟ್ರೋಕ್ ವಿ-ಟ್ವಿನ್, ಕಾರ್ಬುರೇಟರ್ ಇಲ್ಲ, ಪೆಟ್ರೋಲನ್ನು ನೇರ ಸಿಲಿಂಡರಿಗೆ ಸಿಂಪಡಿಸುವ ಇಂಜೆಕ್ಷನ್. ಟೂ ಸ್ಟ್ರೋಕಿನ ಹೊಗೆ ಕಡಿಮೆ ಮಾಡಲು ಒಳ್ಳೇ ದಾರಿಯೇ. ಆದರೆ ಇಂಜೆಕ್ಷನ್ ಹದಕ್ಕೆ ಬರುವ ಮೊದಲೇ ಬೈಕು ಗಿರಾಕಿಗಳ ಕೈ ಸೇರಿತ್ತು. ಪವರ್ ಬಂದರೆ ಒಮ್ಮೆಲೇ ಬರುವುದು, ಇಲ್ಲವಾದರೆ ಮುಕ್ಕರಿಸುವುದು. ಬೈಕುಗಳನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು. ಇದರ ಮಧ್ಯೆ 2000ದಲ್ಲಿ ಫಿಲಿಪ್ ಐಲ್ಯಾಂಡ್‌ನ ಮಳೆಯಲ್ಲಿ ಆಂಥನಿ ಗೋಬರ್ಟ್ ಬಿಮೋಟಾ ಮೇಲೆ ವಿಶ್ವ ಸೂಪರ್‌ಬೈಕ್ ರೇಸ್ ಗೆದ್ದ. ಅದೇ ವರ್ಷ ರೇಸ್ ತಂಡಕ್ಕೆ ಬರಬೇಕಿದ್ದ ಪ್ರಾಯೋಜಕರ ಹಣ ಬರಲಿಲ್ಲ. ಕಂಪನಿ ಬಾಗಿಲು ಹಾಕಿತು.

ವೈರಸ್ ಅಂತ ಇನ್ನೊಂದು ಬೈಕಿದೆಯಲ್ಲ, ಅದೂ ಇದೇ ತರಹ ಇದೆ?

ಹೌದು, ಒಂದೇ ಬೇರು. ಹಿಂದೆ ಬಿಮೋಟಾದಲ್ಲಿ ಕೆಲಸ ಮಾಡಿದ್ದ ಅಸ್ಕಾನಿಯೋ ರೊದೊರಿಗೋ ರಿಮಿನಿ ಹತ್ತಿರವೇ ವೈರಸ್ ಕಂಪನಿ ಕಟ್ಟಿ ಹಬ್ ಸೆಂಟರ್ ಬೈಕುಗಳನ್ನು ಮಾಡಿದ. ಬಿಮೋಟಾ ಮತ್ತೆ ಎದ್ದ ಮೇಲೆ ಬಂದ ಟೇಸಿ 2ಡಿ ಮೂಲದಲ್ಲಿ ವೈರಸ್‌ನದ್ದೇ. ನಂತರದ 3ಡಿ ಬಿಮೋಟಾದ ಸ್ವಂತದ್ದು. ಎರಡರಲ್ಲೂ ಮೈ ಮುಚ್ಚುವ ಪ್ಲಾಸ್ಟಿಕ್ ಕಡಿಮೆ, ರಾಡು ಲಿಂಕು ಎಲ್ಲ ಬಯಲಲ್ಲೇ. ಈ ಬೈಕಿನ ಕೆಲಸ ಅರ್ಥ ಮಾಡಿಕೊಳ್ಳಲು ಇವುಗಳ ಫೋಟೋ ನೋಡುವುದೇ ಒಳ್ಳೇದು.

ಈಗಲೂ ಹೊಸ ಟೇಸಿ ಸಿಗುತ್ತಾ?

2019ರಲ್ಲಿ ಕವಾಸಾಕಿ ಬಿಮೋಟಾದ 49.9% ಪಾಲು ತೆಗೆದುಕೊಂಡಿತು. ಆ ವರ್ಷದ ಮಿಲಾನ್ ಪ್ರದರ್ಶನದಲ್ಲಿ ಟೇಸಿ ಎಚ್2 ಕಾಣಿಸಿತು. ಕವಾಸಾಕಿಯ 998 ಸಿಸಿ ಸೂಪರ್‌ಚಾರ್ಜರ್ (ಗಾಳಿಯನ್ನು ಒತ್ತಿ ತುಂಬುವ) ಇಂಜಿನ್, 231 ಅಶ್ವಶಕ್ತಿ, ಒಟ್ಟು 250 ಬೈಕು ಎಂದು ಪ್ರಕಟಿಸಿದರು. ಆಗಿನ ಬೆಲೆ 60 ಸಾವಿರ ಯೂರೋಗೂ ಮೇಲೆ. ಇದರಲ್ಲಿ ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಕೂಡ ಹಿಂದೆಯೇ ಇದೆ! ಸೀಟಿನ ಕೆಳಗೆ ಎರಡೂ ಅಕ್ಕಪಕ್ಕ ಕೂತಿವೆ, ಮುಂದಿನ ಆರ್ಮಿನಿಂದ ಅಲ್ಲಿಗೆ ರಾಡು ಹೋಗುತ್ತದೆ. ಆಮೇಲೆ ಇದೇ ಇಂಜಿನ್ ಮತ್ತು ಹಬ್ ಸೆಂಟರ್ ಇಟ್ಟುಕೊಂಡು ಎತ್ತರದ, ಪ್ರವಾಸಕ್ಕೂ ಆಗುವ ತೇರಾ ಬೈಕು ಬಂತು.

ಆದರೆ ಗಮನಿಸಿ. 2025ರಲ್ಲಿ ಬಿಮೋಟಾ ವಿಶ್ವ ಸೂಪರ್‌ಬೈಕ್ ರೇಸಿಗೆ ಮರಳಿದ್ದು ಕೆಬಿ998 ರಿಮಿನಿ ಎಂಬ ಬೈಕಿನಲ್ಲಿ. ಅದಕ್ಕೆ ಮಾಮೂಲಿ ಫೋರ್ಕೇ ಇದೆ.

ಕೈಯಲ್ಲಿ ಕಟ್ಟಿದ್ದು ಅಂದರೆ ನಿಜಕ್ಕೂ ಕೈಯಲ್ಲೇ?

ಓಡುವ ಅಸೆಂಬ್ಲಿ ಲೈನ್ ಇಲ್ಲ ಎಂದರ್ಥ. ಭಾಗಗಳನ್ನು ಮೆಷಿನ್ನೇ ಕೊರೆಯುತ್ತದೆ, ಬೈಕನ್ನು ಕೆಲವೇ ಜನ ಸ್ಟ್ಯಾಂಡ್ ಮೇಲಿಟ್ಟು ಜೋಡಿಸುತ್ತಾರೆ.

ಬೆಂಗಳೂರಿಗೆ ತರಿಸಬಹುದಾ?

ಹೊಸದಾದರೆ ದುಡ್ಡಿನ ಪ್ರಶ್ನೆ. 2025ರ ಬಜೆಟ್ಟಿನಲ್ಲಿ 1600 ಸಿಸಿವರೆಗಿನ, ಪೂರ್ತಿ ಜೋಡಿಸಿದ ಬೈಕಿಗೆ ಮೂಲ ಕಸ್ಟಮ್ಸ್ ಸುಂಕವನ್ನು 40% ಮಾಡಿದರು. ಅದರ ಮೇಲೆ ಜಿಎಸ್‌ಟಿ, ಅದರ ಮೇಲೆ ನಮ್ಮ ರೋಡ್ ಟ್ಯಾಕ್ಸ್. ಹಳೇ 1ಡಿ ತರುವುದು ಮಾಮೂಲಿ ದಾರಿಯಲ್ಲಿ ಆಗುವುದಿಲ್ಲ, ಮೂರು ವರ್ಷಕ್ಕಿಂತ ಹಳೆಯ ಸೆಕೆಂಡ್ ಹ್ಯಾಂಡ್ ಗಾಡಿಗಳಿಗೆ ನಿರ್ಬಂಧ ಇದೆ.

ಯೂರೋಪಿನಲ್ಲಿದ್ದೇನೆ, ಹಳೇ 1ಡಿ ಮಾರಾಟಕ್ಕಿದೆ. ಏನು ನೋಡಲಿ?

ಮೊದಲು ಮುಂದಿನ ಚಕ್ರ ಎತ್ತಿಸಿ. ಒಬ್ಬರು ಹ್ಯಾಂಡಲ್ ಅಲ್ಲಾಡದಂತೆ ಹಿಡಿದುಕೊಳ್ಳಲಿ, ನೀವು ಚಕ್ರವನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಪ್ಲೇ ಇದ್ದರೆ ಯಾವ ಜಾಯಿಂಟಿನಲ್ಲಿ ಎಂದು ಬೆರಳಿಟ್ಟು ನೋಡಿ. ಬಾಲ್ ಜಾಯಿಂಟ್ ಬದಲಿಸುವುದು ದೊಡ್ಡ ವಿಷಯವಲ್ಲ. ಪ್ಲೇ ಕಿಂಗ್ ಪಿನ್ನಿನಲ್ಲೋ ದೊಡ್ಡ ಬೇರಿಂಗಿನಲ್ಲೋ ಇದ್ದರೆ ಬೆಲೆ ಇಳಿಸಿ ಮಾತಾಡಿ. ರಾಡುಗಳ ಎಡ ಬಲ ಉದ್ದ ಸರಿಸಮ ಇದೆಯಾ ನೋಡಿ, ಬಿದ್ದ ಬೈಕಾದರೆ ಇಲ್ಲೇ ಗೊತ್ತಾಗುತ್ತದೆ.

ಇಂಜಿನ್ ಬಗ್ಗೆ ಅಷ್ಟು ಭಯ ಬೇಡ. ಡುಕಾಟಿ ಬಲ್ಲ ಮೆಕ್ಯಾನಿಕ್ ನೋಡಿಕೊಳ್ಳಬಲ್ಲ. ಬೈಕು ಎಷ್ಟು ಕಡಿಮೆ ಓಡಿದ್ದರೂ ಟೈಮಿಂಗ್ ಬೆಲ್ಟ್ ಹಳೆಯದಾಗಿದ್ದರೆ ಸ್ಟಾರ್ಟ್ ಮಾಡುವ ಮೊದಲೇ ಬದಲಿಸಿ. ತುಂಡಾದರೆ ವಾಲ್ವ್ ಮತ್ತು ಪಿಸ್ಟನ್ ಒಂದಕ್ಕೊಂದು ಬಡಿಯುತ್ತವೆ. ಬಿಮೋಟಾ ತಾನೇ ಮಾಡಿದ ಭಾಗಗಳು, ಅಂದರೆ ಹಬ್, ಆರ್ಮ್, ಫೇರಿಂಗ್ (ಮೈ ಮುಚ್ಚುವ ಹೊದಿಕೆ), ಇವೇ ಸಿಗುವುದು ಕಷ್ಟ. ಅವು ಸರಿಯಿದ್ದರೆ ಪೇಂಟಿನ ಮೇಲಿನ ಗೀರುಗಳಿಗೆ ತಲೆಕೆಡಿಸಿಕೊಳ್ಳಬೇಡಿ.